ಟೇಪು ಸುತ್ತಿದ ಬಂದೂಕು

ಮುನ್ನೂರು ಡಾಲರಿಗೆ ಒಂದು ಕಡಿಮೆ.
ಕೊಯಿವಿಸ್ಟೊ ಹಾರ್ಡ್‌ವೇರ್ ಅಂಗಡಿಯಲ್ಲಿ
ಹಿಮ ಎತ್ತುವ ಸಲಿಕೆಗಳ ಪಕ್ಕ ಒರಗಿತ್ತು,
ಸಲಿಕೆಯಷ್ಟೇ ಕಪ್ಪಗೆ, ಸಲಿಕೆಯಷ್ಟೇ ಬಿಂಕವಿಲ್ಲದೆ.
ಅಪ್ಪನ ಆಕ್ರೋಟ್ ಮರದ ಬಂದೂಕು
ತಮ್ಮ ಎನ್ಸಿಯೊನ ಪಾಲಿಗೆ ಹೋದ ವರ್ಷ ಅದು.
ನನಗೆ ಸಿಕ್ಕಿದ್ದು ಅಮ್ಮನ ಹೊಲಿಗೆ ಯಂತ್ರ.
ಚೀಟಿ ಬರೆಯುತ್ತ ಅಂಗಡಿಯವನು ಕಣ್ಣೆತ್ತದೆ ಅಂದ:
"ಗುಂಡು ನೇರ ಹೋಗುತ್ತೆ, ವೆಲ್ಮ.
ಉಳಿದದ್ದಕ್ಕೆ ನಾನು ಹೊಣೆಯಲ್ಲ."

ಉಳಿದದ್ದು ಇದು:
ಬೋಲ್ಟ್ ಎಳೆದರೆ ಉಬ್ಬಿದ ಮೇಜಿನ ಖಾನೆ ಎಳೆದಂತೆ,
ಹಿಡಿಯೋ ಪ್ಲಾಸ್ಟಿಕ್ಕು, ಹೆಬ್ಬೆರಳಲ್ಲಿ ಒತ್ತಿದರೆ
ಬಾಗಿ ನಳಿಗೆಗೆ ತಾಗುತ್ತೆ,
ಕುದುರೆ, ಹೆಸರಿಗಷ್ಟೇ ಕುದುರೆ,
ಎಳೆದಷ್ಟೂ ಮೊಂಡುಬೀಳುವ ಕತ್ತೆ.
ಮೊದಲ ವರ್ಷವೇ ಮ್ಯಾಗಜಿನ್ ಕಳಚಿಬಿತ್ತು;
ಮೊಣಕಾಲುದ್ದ ಹಿಮದಲ್ಲಿ ಕೈ ತೂರಿಸಿ ಹುಡುಕಿದೆ,
ನಾಲ್ಕು ತೋಟಾಗಳಲ್ಲಿ ಮೂರು ಸಿಕ್ಕವು.
ಕೊಳಾಯಿಗೆ ಸುತ್ತುವ ಬೂದು ಟೇಪು ಸುತ್ತಿದೆ.
ಆ ಚಳಿಗಾಲ ಪೂರ್ತಿ ಟೀವಿ ಮುಂದೆ ಕೂತು
ಖಾಲಿ ಬೋಲ್ಟನ್ನು ಹಿಂದೆ ಮುಂದೆ, ಹಿಂದೆ ಮುಂದೆ,
ಬೆಣ್ಣೆ ಕಡೆದ ಹಾಗೆ.
ಮಾರ್ಚ್ ಹೊತ್ತಿಗೆ ಕೊಂಚ ನುಣುಪು ಬಂತು.
ಅಥವಾ ನನ್ನ ಕೈ ಒರಟಾಯಿತು.

ಮೂರನೆಯ ನವೆಂಬರ್. ಸೊನ್ನೆಗಿಂತ ಹನ್ನೊಂದು ಕೆಳಗೆ.
ಹೆಮ್ಲಾಕ್ ಮರಗಳ ನೆರಳು ಸೀಳಿ ಅವನು ಬಂದ,
ಎಂಟು ಕವಲಿನ ಕೊಂಬು, ಮೂತಿಯ ಮೇಲೆ ಮಂಜು,
ಎಂಬತ್ತು ಗಜವೂ ಇರಲಿಕ್ಕಿಲ್ಲ.
ಉಸಿರು ಹಿಡಿದೆ. ಎಳೆದೆ.

ಟಿಕ್.

ಪಕ್ಕದ ಮನೆಯಲ್ಲಿ ಯಾರೋ ಅಗುಳಿ ಹಾಕಿದಷ್ಟು ಸದ್ದು.
ಅವನು ತಲೆಯೆತ್ತಿ ನನ್ನ ಕಡೆಗೇ ನೋಡಿದ.
ಬೋಲ್ಟ್ ತೆರೆಯುವ ಮುನ್ನ ಮೂವತ್ತು ಎಣಿಸಬೇಕು,
ತಡವಾಗಿ ಸಿಡಿದೀತು, ಅಪ್ಪ ಕಲಿಸಿದ್ದು.
ಎಣಿಸಿದೆ.
ಇಪ್ಪತ್ತೆರಡಕ್ಕೆ ಅಲ್ಲಿ ಬರೀ ಮರಗಳಿದ್ದವು.

"ಅಗ್ಗದ ಮಾಲು," ಅಂದ ಎನ್ಸಿಯೊ, ಸೌನಾದಲ್ಲಿ,
ಕಾದ ಕಲ್ಲಿಗೆ ನೀರು ಚೆಲ್ಲುತ್ತ.
ನಾನು ಬಾಯಿ ತೆರೆಯಲಿಲ್ಲ.
ಆ ರಾತ್ರಿ ಅಡುಗೆಮನೆಯ ಮೇಜಿನ ಮೇಲೆ
ಬೋಲ್ಟಿನ ಕರುಳು ಬಿಚ್ಚಿ ನೋಡಿದರೆ
ಸ್ಪ್ರಿಂಗಿನ ಸುತ್ತ ಜೇನಿನಂತೆ ಹೆಪ್ಪುಗಟ್ಟಿದ ಎಣ್ಣೆ:
ಅಪ್ಪ ತನ್ನ ಬಂದೂಕಿಗೆ ಹಚ್ಚುತ್ತಿದ್ದ ಅದೇ ಎಣ್ಣೆ,
ಅಪ್ಪನಷ್ಟೇ ಧಾರಾಳವಾಗಿ ನಾನೇ ಸುರಿದದ್ದು.
ಆ ಗಂಡುಜಿಂಕೆಯನ್ನು ಉಳಿಸಿದ್ದು ನನ್ನ ದಯೆಯಲ್ಲ,
ಬಂದೂಕಿನ ದೋಷವೂ ಅಲ್ಲ.
ಸೀಮೆಎಣ್ಣೆಯಲ್ಲಿ ತೊಳೆದೆ. ಒಣಗಿಸಿದೆ.
ಅಂದಿನಿಂದ ಒಣಗಿದಂತೆಯೇ ಇಟ್ಟಿದ್ದೇನೆ.
ಸೂಜಿಯ ಗುರುತು ಅರ್ಧಕ್ಕೇ ನಿಂತ ಆ ತೋಟಾ
ಚಮಚಗಳ ಖಾನೆಯಲ್ಲಿ ಇನ್ನೂ ಉರುಳುತ್ತೆ.

ಉಗ್ರಾಣದ ಬಾಗಿಲ ಹಿಂದೆ ಪೆನ್ಸಿಲ್ಲಿನ ಲೆಕ್ಕ:
ಹನ್ನೊಂದು ವರ್ಷ, ಒಂಬತ್ತು ಜಿಂಕೆ,
ಒಂದು ಟಿಕ್, ಒಂದು ನನ್ನದೇ ನಡುಕ.
ತುಕ್ಕನ್ನು ಎಲ್ಲೂ ಬರೆದಿಲ್ಲ. ದುರ್ಬೀನಿನ ಕೆಳಗೆ ಅದು
ಪ್ರತಿ ವಸಂತಕ್ಕೂ ತಪ್ಪದೆ ಬರುತ್ತೆ.
ಕಳೆದ ಸಲ ಆಲಿಕಲ್ಲು ಮಳೆಗೆ ನೆನೆದು
ತಮ್ಮನ ಆಕ್ರೋಟ್ ಮರ ಉಬ್ಬಿ
ಈಡು ಒಂದು ಗೇಣು ಎಡಕ್ಕೆ ಬಿತ್ತಂತೆ.
ನಾನು ನಗಲಿಲ್ಲ.
ಸುಳ್ಳು. ನಕ್ಕೆ. ಶಾಲೆಯ ಬಸ್ಸಿನಲ್ಲಿ,
ಕೊನೆಯ ಮಗು ಇಳಿದುಹೋದ ಮೇಲೆ, ಒಬ್ಬಳೇ,
ವೈಪರಿನ ತಾಳಕ್ಕೆ.

ಪ್ರೀತಿ ಅನ್ನಲಾರೆ.
ಅದರ ಮುನಿಸುಗಳ ಪಟ್ಟಿ ಬಾಯಿಪಾಠ, ಅಷ್ಟೆ.

ಈ ಸಲ ಎನ್ಸಿಯೊನ ಮಗಳು ಸೈಮ ಬಂದಿದ್ದಾಳೆ,
ಹದಿನಾರು ವಯಸ್ಸು, ಕೆಂಪು ಟೋಪಿ,
ಅಪ್ಪನದನ್ನು ಬಿಟ್ಟು ನನ್ನದನ್ನು ಕೇಳುತ್ತ.
ಯಾಕೆ ಅಂತ ನಾನು ಕೇಳಲಿಲ್ಲ.
"ಮ್ಯಾಗಜಿನ್ ಕಚ್ಚಿದ ಸದ್ದು ಬರುತ್ತೆ, ನಂಬಬೇಡ.
ಒಮ್ಮೆ ಕೆಳಕ್ಕೆ ಜಗ್ಗಿ ನೋಡು."
ಜಗ್ಗಿದಳು. ಕೈಗೇ ಬಂತು.
ಇನ್ನೊಮ್ಮೆ ಒತ್ತಿದಳು, ಜಗ್ಗಿದಳು, ನಿಂತಿತು.
"ಅತ್ತೆ, ಈ ಟೇಪು ಸುಲಿಯುತ್ತಿದೆ. ಹೊಸದು ಸುತ್ತಲಾ?"
ಬೇಡ, ಅಂದೆ.
ಬೂಟಿನ ದಾರ ಕಟ್ಟಿಕೊಂಡು ಮೇಲೆದ್ದವಳು
ಬಾಗಿಲ ಬಳಿ ತಿರುಗಿ, ಸುತ್ತು, ಅಂದೆ.